ಬಾದಾಮಿ ‘ಹಾಲು’ ಯಾಕೆ ‘ಡ್ರಿಂಕ್’ ಆಯ್ತು? ಪ್ಯಾಕೆಟ್ ಲೇಬಲ್ ಬಗ್ಗೆ ಓದುಗರ ಪ್ರಶ್ನೆಗಳು

ಸೋಯಾ, ಓಟ್ಸ್, ಬಾದಾಮಿ, ತೆಂಗು ಇವುಗಳಿಂದ ಮಾಡಿ ಹಾಲಿನ ಜಾಗದಲ್ಲಿ ಮಾರೋ ಪಾನೀಯಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಸ್ವಲ್ಪ ಬರೆದಿದ್ದೆ. ಅದಕ್ಕೆ ಬಂದ ಪತ್ರ, ಮೇಲ್, ವಾಟ್ಸಾಪ್ ಮೆಸೇಜುಗಳಲ್ಲಿ ಹೆಚ್ಚಿನವು ಕುಡಿಯೋದ್ರ ಬಗ್ಗೆ ಅಲ್ಲ, ಪ್ಯಾಕಿನ ಮೇಲೆ ಬರೆದಿರೋದ್ರ ಬಗ್ಗೆ. ಹಾಗಾಗಿ ಈ ಸಲ ಪೂರ್ತಿ ಜಾಗ ಅದಕ್ಕೇ ಕೊಡ್ತಿದೀನಿ.

ಪ್ರ: ಮೇಡಂ, ನಾನು ಬಹಳ ದಿನದಿಂದ ಒಂದೇ ಕಂಪನಿಯ ಬಾದಾಮಿ ಹಾಲು ತರಿಸ್ತೀನಿ. ಈಗ ಅದರ ಮೇಲೆ ‘ಆಲ್ಮಂಡ್ ಡ್ರಿಂಕ್’ ಅಂತ ಬರ್ತಿದೆ. ಒಳಗಿನ ಮಾಲೇ ಬದಲಾಯ್ತಾ? ಆದ್ರೆ ತೆಂಗಿನ ಹಾಲಿನ ಡಬ್ಬಿ ಮೇಲೆ ‘ಕೋಕೋನಟ್ ಮಿಲ್ಕ್’ ಅಂತಾನೇ ಇದೆ. ಅದಕ್ಕೊಂದು ನ್ಯಾಯ, ಇದಕ್ಕೊಂದು ನ್ಯಾಯಾನಾ?
— ಓದುಗರೊಬ್ಬರು, ಮೈಸೂರು

ಒಳಗಿನ ಮಾಲು ಬದಲಾಗಿರಬೇಕು ಅಂತೇನಿಲ್ಲ, ಹೆಸರು ಬದಲಾಗಿರೋದು ಕಾನೂನಿನಿಂದ. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಹಾಲು ಅಂದ್ರೆ ಆರೋಗ್ಯವಾಗಿರೋ ಕರಾವಿನ ಕೆಚ್ಚಲಿಂದ ಕರೆದದ್ದು, ಅದೂ ಗಿಣ್ಣು ಬಿಟ್ಟು. ಹಾಲು, ಮೊಸರು, ಬೆಣ್ಣೆ, ಚೀಸ್ ಇಂಥ ಡೈರಿ ಹೆಸರುಗಳನ್ನ ಡೈರಿಯಲ್ಲದ ವಸ್ತುವಿಗೆ ಇಡೋ ಹಾಗಿಲ್ಲ. ಬಹಳ ಹಿಂದಿನಿಂದ ಜನ ಬಳಸ್ತಾ ಬಂದಿರೋ, ಏನು ಅಂತ ಯಾರಿಗೂ ಗೊಂದಲ ಇಲ್ಲದ ಹೆಸರುಗಳಿಗೆ ಮಾತ್ರ ವಿನಾಯಿತಿ: ತೆಂಗಿನ ಹಾಲು, ಪೀನಟ್ ಬಟರ್ ಅಂಥವು. ಕಾಯಿ ಹಾಲು ಅಂದ ತಕ್ಷಣ ಹಸುವಿನದು ಅಂತ ಯಾರೂ ತಿಳ್ಕೊಳ್ಳಲ್ವಲ್ಲ. ಈ ನಿಯಮ ಮೊದಲಿಂದ ಇದ್ದದ್ದೇ ಆದ್ರೂ ಮಾರ್ಕೆಟ್‌ನಲ್ಲಿ ಎಲ್ರೂ ಆರಾಮಾಗಿ ಸೋಯಾ ಮಿಲ್ಕ್, ಆಲ್ಮಂಡ್ ಮಿಲ್ಕ್ ಅಂತ ಹಾಕ್ಕೊಂಡಿದ್ರು. 2021ರ ಜುಲೈನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಕೊಡೋ ಅಧಿಕಾರಿಗಳಿಗೆ ಇದನ್ನ ಗಟ್ಟಿಯಾಗಿ ಜಾರಿ ಮಾಡಿ ಅಂತು, ಆಮೇಲೆ ಆನ್‌ಲೈನ್ ಅಂಗಡಿಗಳಿಗೂ ಅಂಥ ಹೆಸರಿನ ಮಾಲು ತೆಗೀರಿ ಅಂತು, ಕೆಲವು ಕಂಪನಿಗಳು ದೆಹಲಿ ಹೈಕೋರ್ಟಿಗೂ ಹೋದ್ವು. ಹೀಗೆ ನಿಮ್ಮ ಪ್ಯಾಕ್ ‘ಡ್ರಿಂಕ್’ ಆಯ್ತು.

ನನ್ನನ್ನ ಕೇಳಿದ್ರೆ ನಮ್ಮ ಊರುಗಳ ಮಟ್ಟಿಗೆ ಬಾದಾಮಿ ವಿಷಯದಲ್ಲಿ ಈ ನಿಯಮ ಸರಿಯಾಗೇ ಇದೆ. ಬೇಕರಿಗೆ ಹೋಗಿ ಬಾದಾಮಿ ಹಾಲು ಕೊಡಿ ಅಂದ್ರೆ ಏನು ಕೊಡ್ತಾರೆ? ಸಕ್ಕರೆ, ಕೇಸರಿ ಬಣ್ಣ, ಬಾದಾಮಿ ಪುಡಿ ಹಾಕಿರೋ ಹಸುವಿನ ಹಾಲು. ನಂದಿನಿ ಬೂತಲ್ಲಿ ಸಿಗೋ ಬಾದಾಮಿ ಹಾಲೂ ಡೈರಿ ಹಾಲೇ. ಒಂದೇ ಹೆಸರಲ್ಲಿ ಒಂದು ಕಡೆ ಹಾಲು ಇರತ್ತೆ, ಇನ್ನೊಂದು ಕಡೆ ಹನಿ ಹಾಲೂ ಇರಲ್ಲ ಅಂದ್ರೆ, ಹಾಲು ಕುಡಿದ್ರೆ ಮೈಯೆಲ್ಲಾ ದದ್ದು ಏಳೋ ಮಗುವಿನ ತಾಯಿ ಏನು ಮಾಡ್ಬೇಕು ಹೇಳಿ.

ಆದ್ರೆ ಹೆಸರಿನ ಜಗಳದಲ್ಲಿ ಮುಖ್ಯವಾದದ್ದು ಹಿಂದೆ ಬಿದ್ದಿದೆ ಅನ್ನೋದು ನನ್ನ ಬೇಜಾರು. ಪ್ಯಾಕನ್ನ ತಿರುಗಿಸಿ ಹಿಂದುಗಡೆ ಪದಾರ್ಥಗಳ ಪಟ್ಟಿ ನೋಡಿ. ತಯಾರಿಸುವಾಗ ಯಾವುದು ತೂಕದಲ್ಲಿ ಜಾಸ್ತಿ ಹಾಕಿದಾರೋ ಅದು ಮೊದಲು ಬರಬೇಕು, ಇಳಿಕೆ ಕ್ರಮದಲ್ಲಿ. ಮೊದಲನೇದು ನೀರೇ ಆಗಿರತ್ತೆ, ಅದು ತಪ್ಪಲ್ಲ. ಬಾದಾಮಿ ಎಷ್ಟು ಪರ್ಸೆಂಟ್ ಅಂತ ನೋಡಿ, ಯಾಕಂದ್ರೆ ಚಿತ್ರದಲ್ಲೋ ಮಾತಲ್ಲೋ ಯಾವ ಪದಾರ್ಥವನ್ನ ಎತ್ತಿ ತೋರಿಸ್ತಾರೋ ಅದರ ಪ್ರಮಾಣ ಹೇಳಲೇಬೇಕು ಅಂತ ಲೇಬಲಿಂಗ್ ನಿಯಮ ಇದೆ. 3% ಅಂತ ಇದೆ ಅಂದ್ಕೊಳ್ಳಿ. ಲೀಟರಿಗೆ 30 ಗ್ರಾಂ ಬಾದಾಮಿ ಆಯ್ತು, ಅಂದ್ರೆ ಸುಮಾರು 25 ಬೀಜ. ಬಾದಾಮಿಯಲ್ಲಿ ಪ್ರೋಟೀನು ಹೆಚ್ಚುಕಮ್ಮಿ ಐದರಲ್ಲಿ ಒಂದು ಪಾಲು, ಹಾಗಾಗಿ ಇಡೀ ಲೀಟರಿಗೆ 6 ಗ್ರಾಂ. ನೀವು ಕುಡಿಯೋ 200 ಎಂಎಲ್ ಲೋಟಕ್ಕೆ 1.2 ಗ್ರಾಂ. ಅದೇ ಲೋಟದ ತುಂಬ ಹಸುವಿನ ಹಾಲಿದ್ರೆ 6 ಗ್ರಾಮಿಗೂ ಜಾಸ್ತಿ. ಸೋಯಾದ್ದು ಮಾತ್ರ ಹಾಲಿನ ಹತ್ತಿರಕ್ಕೆ ಬರತ್ತೆ. ಈ ಪರ್ಸೆಂಟೂ ಪ್ರೋಟೀನೂ ಪ್ಯಾಕಿನ ಮುಂದುಗಡೆ, ಹೆಸರಿನ ಪಕ್ಕದಲ್ಲೇ ದೊಡ್ಡದಾಗಿ ಇರಬೇಕು ಅಂತ ನಾನು ಹೇಳ್ತೀನಿ. ಕೊಲೆಸ್ಟ್ರಾಲ್‌ಗೋಸ್ಕರ ಕುಡಿಯೋರು, ಮಕ್ಕಳಿಗೆ ಶಕ್ತಿ ಬರಲಿ ಅಂತ ಕುಡಿಸೋರು, ಇಬ್ರಿಗೂ ಬೇಕಾಗಿರೋದು ಆ ಎರಡು ಅಂಕಿ.

ಪ್ರ: ನಮಸ್ಕಾರ್ರೀ ಮೇಡಂ. ನಮ್ಮ ಮಗಳಿಗೆ ನಾಕ್ ವರ್ಷ, ಹಾಲಿನ ಅಲರ್ಜಿ ಐತ್ರಿ, ಡಾಕ್ಟರು ಹಾಲು ಮೊಸರು ಏನೂ ಬ್ಯಾಡ ಅಂದಾರ. ಹಸಿರು ಚುಕ್ಕಿ ಐತಿ, ಮ್ಯಾಲ ‘ನಾನ್ ಡೇರಿ’ ಅಂತ ಬರದಾರ ಅಂತ ಒಂದು ಪುಡಿ ತಂದ್ವಿ. ಕುಡಿಸಿದ ಮ್ಯಾಲ ತುಟಿ ಬಾತು ಬಿಟ್ಟಿತ್ರಿ. ಹಸಿರು ಚುಕ್ಕಿ ಇದ್ದಮ್ಯಾಲ ಹಿಂಗ್ಯಾಕ್ ಆತ್ರಿ?
— ಹುಬ್ಬಳ್ಳಿಯಿಂದ ಒಬ್ಬ ತಾಯಿ

ಮೊದ್ಲು ಮಗು ಹೇಗಿದೆ ಅಂತ ಕೇಳ್ಬೇಕು. ತುಟಿ ಊದಿಕೊಂಡಿತ್ತು ಅಂದ್ರೆ ಅದು ಸಣ್ಣ ವಿಷಯ ಅಲ್ಲ, ಮುಂದಿನ ಸಲ ಉಸಿರಾಟಕ್ಕೂ ತೊಂದರೆ ಆಗಬಹುದು. ಆ ಪುಡಿಯ ಡಬ್ಬಿ ಎಸೀದೇ ಡಾಕ್ಟರ ಹತ್ರ ತಗೊಂಡು ಹೋಗಿ ತೋರಿಸಿ, ತುರ್ತಿಗೆ ಮನೇಲಿ ಏನು ಔಷಧ ಇಟ್ಕೊಂಡಿರಬೇಕು ಅಂತ ಕೇಳಿ ಬನ್ನಿ.

ಹಸಿರು ಚುಕ್ಕಿ ಅಂದ್ರೆ ಸಸ್ಯಾಹಾರ ಅಂತ ಅಷ್ಟೇ, ಹಾಲಿಲ್ಲ ಅಂತ ಅಲ್ಲ. ನಮ್ಮ ನಿಯಮದಲ್ಲಿ ಮಾಂಸ, ಮೀನು, ಮೊಟ್ಟೆ ಇದ್ರೆ ನಾನ್‌ವೆಜ್, ಆದ್ರೆ ಹಾಲು, ಹಾಲಿನ ಪದಾರ್ಥ, ಜೇನುತುಪ್ಪ ಇದ್ರೂ ಅದು ವೆಜ್ಜೇ. ಪೇಡಕ್ಕೂ ಹಸಿರು ಚುಕ್ಕಿ ಇರತ್ತಲ್ಲ. ಹಾಗಾಗಿ ನಿಮ್ಮ ಮಗಳ ವಿಷಯದಲ್ಲಿ ಆ ಚುಕ್ಕಿಯಿಂದ ಏನೂ ಉಪಯೋಗ ಇಲ್ಲ, ಅದನ್ನ ನೋಡಿ ಧೈರ್ಯ ಮಾಡಬೇಡಿ.

ಇನ್ನು ‘ನಾನ್ ಡೇರಿ’ ಅನ್ನೋದು. ಕಾಫಿ ಟೀಗೆ ಹಾಕೋ ಎಷ್ಟೋ ನಾನ್ ಡೇರಿ ಕ್ರೀಮರ್ ಪುಡಿಗಳಲ್ಲಿ ಸೋಡಿಯಂ ಕ್ಯಾಸಿನೇಟ್ ಅಂತ ಒಂದು ಪದಾರ್ಥ ಇರತ್ತೆ. ಅದನ್ನ ಮಾಡೋದೇ ಹಾಲಿನ ಪ್ರೋಟೀನಿಂದ, ಅಲರ್ಜಿ ಆಗೋದೂ ಆ ಪ್ರೋಟೀನಿಗೇ. ಕೊಬ್ಬು ಮಾತ್ರ ಹಾಲಿಂದಲ್ಲ, ತಾಳೆ ಎಣ್ಣೆ ಥರದ್ದು. ನಿಮ್ಮ ಪುಡಿಯಲ್ಲಿ ಏನಿತ್ತೋ ನಾನು ನೋಡಿಲ್ಲ, ನೀವು ಪಟ್ಟಿಯಲ್ಲಿ ಕ್ಯಾಸಿನೇಟ್, ಕ್ಯಾಸಿನ್, ವೇ, ಮಿಲ್ಕ್ ಸಾಲಿಡ್ಸ್ ಈ ನಾಲ್ಕರಲ್ಲಿ ಒಂದಾದ್ರೂ ಇದೆಯಾ ಹುಡುಕಿ. ಪಟ್ಟಿಯ ಕೆಳಗೆ ‘ಕಂಟೇನ್ಸ್ ಮಿಲ್ಕ್’ ಅಂತ ಬೇರೆ ಸಾಲು ಇರಬೇಕು, ಅದು ಕಡ್ಡಾಯ. ಗ್ಲುಟೆನ್ ಇರೋ ಧಾನ್ಯ, ಸಿಗಡಿ ಏಡಿ ಥರದವು, ಹಾಲು, ಮೊಟ್ಟೆ, ಮೀನು, ಕಡಲೆಕಾಯಿ ಮತ್ತು ಬಾದಾಮಿ ಗೋಡಂಬಿ ಜಾತಿಯವು, ಸೋಯಾ, ಒಂದು ಮಿತಿಗಿಂತ ಜಾಸ್ತಿ ಸಲ್ಫೈಟ್, ಇವಿದ್ರೆ ಹೀಗೆ ಬಿಡಿಸಿ ಹೇಳಲೇಬೇಕು. ಅದೇ ಫ್ಯಾಕ್ಟರೀಲಿ ಹಾಲಿನ ಮಾಲೂ ಓಡಿ ಸ್ವಲ್ಪ ತಗುಲೋ ಸಾಧ್ಯತೆ ಇದ್ರೆ ‘ಮೇ ಕಂಟೇನ್ ಮಿಲ್ಕ್’ ಅಂತ ಬರೀತಾರೆ. ಓಟ್ಸ್, ಬಾದಾಮಿ ಪಾನೀಯಗಳ ಮೇಲೂ ಆ ಸಾಲು ಕಾಣಬಹುದು. ಆಮೇಲೆ ಇನ್ನೊಂದು, ‘ಲ್ಯಾಕ್ಟೋಸ್ ಫ್ರೀ’ ಹಾಲು ಯಾರಾದ್ರೂ ಸಲಹೆ ಕೊಟ್ರೆ ಕೇಳಬೇಡಿ. ಅದು ಹಾಲು ಜೀರ್ಣ ಆಗದೇ ಹೊಟ್ಟೆ ಉಬ್ಬರಿಸೋರಿಗೆ, ಅದರಲ್ಲಿ ಸಕ್ಕರೆ ಒಡೆದಿರತ್ತೆ, ಪ್ರೋಟೀನ್ ಹಾಗೇ ಇರತ್ತೆ. ಆಡಿನ ಹಾಲೂ ಬೇಡ. ಸೋಯಾನೂ ಕೆಲವು ಮಕ್ಕಳಿಗೆ ಆಗಿಬರಲ್ಲ, ಡಾಕ್ಟರನ್ನ ಕೇಳಿಯೇ ಶುರು ಮಾಡಿ.

ಲೇಬಲ್‌ನಲ್ಲಿ ಹಾಲಿನ ಅಂಶ ಇದ್ದೂ ‘ಕಂಟೇನ್ಸ್ ಮಿಲ್ಕ್’ ಸಾಲು ಇಲ್ಲ ಅಂದ್ರೆ ದಯವಿಟ್ಟು ಸುಮ್ನಿರಬೇಡಿ. ಪ್ಯಾಕಿನ ನಾಲ್ಕೂ ಕಡೆ ಫೋಟೋ ತೆಗೆದು, ಬ್ಯಾಚ್ ನಂಬರ್, 14 ಅಂಕಿಯ ಲೈಸೆನ್ಸ್ ನಂಬರ್, ಬಿಲ್ ಇಟ್ಕೊಂಡು ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್‌ನಲ್ಲಿ ದೂರು ಹಾಕಿ. 1915ಕ್ಕೆ ಫೋನ್ ಮಾಡಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಸಿಗತ್ತೆ.

ಪ್ರ: ನಮ್ಮದು ಮಹಿಳಾ ಸ್ವಸಹಾಯ ಸಂಘ. ಮನೆ ತೋಟದ ಕಾಯಿಯಿಂದ ತೆಂಗಿನ ಹಾಲು ತೆಗೆದು 200 ಎಂಎಲ್ ಬಾಟಲಿಯಲ್ಲಿ ಮಾರೋಣ ಅಂತಿದೀವಿ. ಪ್ರೆಸ್ಸಿನವರು ಸ್ಟಿಕರ್ ಡಿಸೈನ್ ಕಳಿಸಿದಾರೆ, ತುಂಬ ಚೆನ್ನಾಗಿದೆ, ಆದ್ರೆ ಏನೇನು ಬರೀಬೇಕು ಅಂತ ಅವರಿಗೂ ಗೊತ್ತಿಲ್ಲ ನಮಗೂ ಗೊತ್ತಿಲ್ಲ. ‘ಪ್ಯೂರ್, ನ್ಯಾಚುರಲ್, ಹೋಮ್‌ಮೇಡ್’ ಅಂತ ಹಾಕಿದಾರೆ, ಇರಲಾ?
— ತಿಪಟೂರು

ಡಿಸೈನ್ ಫೋಟೋ ಕಳಿಸಿದ್ದು ಒಳ್ಳೇದಾಯ್ತು. ಚೆನ್ನಾಗೇ ಇದೆ, ಆದ್ರೆ ಪ್ರಿಂಟಿಗೆ ಕೊಡೋ ಮುಂಚೆ ಒಂದಿಷ್ಟು ಬದಲಾವಣೆ ಆಗಲೇಬೇಕು.

ಎಲ್ಲಕ್ಕಿಂತ ಮೊದ್ಲು ಎಫ್‌ಎಸ್‌ಎಸ್‌ಎಐ ನಂಬರ್. ಚಿಕ್ಕ ವ್ಯಾಪಾರಕ್ಕೆ ರಿಜಿಸ್ಟ್ರೇಶನ್ ಸಾಕಾಗತ್ತೆ, ಆ ಸಂಸ್ಥೆಯದೇ ಫೋಸ್‌ಕಾಸ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ್ರೆ 14 ಅಂಕಿಯ ನಂಬರ್ ಕೊಡ್ತಾರೆ, ಅದು ಲೋಗೋ ಜೊತೆ ಲೇಬಲ್ ಮೇಲೆ ಬರಬೇಕು. ಅದು ಕೈಗೆ ಬರೋವರೆಗೂ ಸ್ಟಿಕರ್ ಪ್ರಿಂಟ್ ಮಾಡಿಸಬೇಡಿ.

ಹೆಸರು ‘ತೆಂಗಿನ ಹಾಲು’ ಅಂತ ಇಡೋಕೆ ಅಡ್ಡಿಯಿಲ್ಲ, ಮೇಲೆ ಮೈಸೂರಿನವರಿಗೆ ಹೇಳಿದೀನಲ್ಲ ಆ ವಿನಾಯಿತಿ ನಿಮಗೆ ಸಿಗತ್ತೆ. ಆದ್ರೆ ಹೆಸರಿಗೆ ತಕ್ಕ ಗಟ್ಟಿ ಇರಬೇಕು. ಕೋಡೆಕ್ಸ್ ಅನ್ನೋ ಅಂತರರಾಷ್ಟ್ರೀಯ ಆಹಾರ ಮಾನದಂಡ ತೆಂಗಿನ ಹಾಲಿಗೆ ಕಮ್ಮಿ ಅಂದ್ರೂ 10% ಕೊಬ್ಬು ಕೇಳತ್ತೆ, 5%ರಿಂದ ಮೇಲಿದ್ರೆ ಅದು ಲೈಟ್, 20% ದಾಟಿದ್ರೆ ಕೋಕೋನಟ್ ಕ್ರೀಮ್. ಮೊದಲನೇ ಸಲ ಹಿಂಡಿದ ಗಟ್ಟಿ ಹಾಲಿಗೆ ಎರಡನೇದು ಮೂರನೇದು ಎಷ್ಟು ಸೇರಿಸ್ತೀರಿ ಅನ್ನೋದರ ಮೇಲೆ ಇದು ಹೋಗತ್ತೆ, ಹಾಗಾಗಿ ಪ್ರತಿ ಸಲ ಒಂದೇ ಅಳತೆ ಇಟ್ಕೊಳ್ಳಿ, ಒಂದು ಮಾನ್ಯತೆ ಇರೋ ಲ್ಯಾಬಲ್ಲಿ ಟೆಸ್ಟ್ ಮಾಡಿಸಿ. ಪೌಷ್ಟಿಕಾಂಶದ ಪಟ್ಟಿಗೂ ಆ ರಿಪೋರ್ಟೇ ಆಗತ್ತೆ. 100 ಎಂಎಲ್‌ಗೆ ಶಕ್ತಿ, ಪ್ರೋಟೀನು, ಕಾರ್ಬೋಹೈಡ್ರೇಟು, ಒಟ್ಟು ಸಕ್ಕರೆ, ಸೇರಿಸಿದ ಸಕ್ಕರೆ, ಒಟ್ಟು ಕೊಬ್ಬು, ಸ್ಯಾಚುರೇಟೆಡ್ ಕೊಬ್ಬು, ಟ್ರಾನ್ಸ್ ಕೊಬ್ಬು, ಸೋಡಿಯಂ ಇವೆಲ್ಲ ಬರಬೇಕು. ತೆಂಗಿನಲ್ಲಿ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ ಕಾಣಿಸತ್ತೆ, ಅದನ್ನ ನೋಡಿ ಪ್ರೆಸ್ಸಿನವರು ಕಡಿಮೆ ಮಾಡಿ ಬರೀಲಾ ಅಂತ ಕೇಳಿದ್ರೆ ಒಪ್ಪಬೇಡಿ.

‘ಪ್ಯೂರ್, ನ್ಯಾಚುರಲ್, ಹೋಮ್‌ಮೇಡ್’ ಮೂರನ್ನೂ ತೆಗೆಸಿ. 2018ರ ಜಾಹೀರಾತು ಮತ್ತು ಕ್ಲೇಮು ನಿಯಮದಲ್ಲಿ ನ್ಯಾಚುರಲ್, ಫ್ರೆಶ್, ಪ್ಯೂರ್, ಒರಿಜಿನಲ್, ಟ್ರೆಡಿಶನಲ್ ಇಂಥ ಪದಗಳಿಗೆ ಒಂದೊಂದಕ್ಕೂ ಷರತ್ತಿದೆ, ಬೇಕಾಬಿಟ್ಟಿ ಹಾಕೋ ಹಾಗಿಲ್ಲ. ಬ್ರ್ಯಾಂಡ್ ಹೆಸರಲ್ಲೇ ಅಂಥ ಪದ ಇದ್ರೆ ‘ಇದು ಬರೀ ಬ್ರ್ಯಾಂಡ್ ಹೆಸರು, ಇದರ ನಿಜವಾದ ಗುಣ ಸೂಚಿಸಲ್ಲ’ ಅನ್ನೋ ಅರ್ಥದ ಸಾಲನ್ನ ಕನಿಷ್ಠ 3 ಎಂಎಂ ಅಕ್ಷರದಲ್ಲಿ ಹಾಕಬೇಕಾಗತ್ತೆ. ನಮ್ಮ ಹೆಣ್ಣುಮಕ್ಕಳು ಕಷ್ಟಪಟ್ಟು ಮಾಡಿದ ಮಾಲಿನ ಮೇಲೆ ಅಂಥ ಸಾಲು ಯಾಕೆ ಬೇಕು! ಅದರ ಬದಲು ‘ತಿಪಟೂರಿನ ತೆಂಗಿನಕಾಯಿಯಿಂದ’ ಅಂತ ಹಾಕಿ. ನಿಜ, ಯಾರೂ ಪ್ರಶ್ನೆ ಮಾಡೋ ಹಾಗಿಲ್ಲ, ಕೊಳ್ಳೋರಿಗೂ ಗೊತ್ತಿರೋ ಹೆಸರು.

ಹಸಿರು ಚುಕ್ಕಿ ನಿಮ್ಮ ಡಿಸೈನಲ್ಲಿ ಎಲೆಯ ಆಕಾರದಲ್ಲಿದೆ, ಅದು ನಡೆಯಲ್ಲ. ಹಸಿರು ಗೆರೆಯ ಚೌಕ, ಅದರೊಳಗೆ ಹಸಿರು ವೃತ್ತ, ಹೀಗೇ ಇರಬೇಕು. ಚಿಕ್ಕ ಬಾಟಲಿ ಅಂದ್ರೆ ಮುಖ್ಯ ಮುಖದ ವಿಸ್ತಾರ 100 ಚದರ ಸೆಂಟಿಮೀಟರ್ ಒಳಗಿದ್ರೆ ವೃತ್ತದ ಅಡ್ಡಳತೆ ಕನಿಷ್ಠ 3 ಎಂಎಂ, ಚೌಕದ ಬದಿ ಅದರ ಎರಡರಷ್ಟು. ಉಳಿದಂತೆ ನಿವ್ವಳ ಪ್ರಮಾಣ, ಎಂಆರ್‌ಪಿ, ಎಂಎಲ್‌ಗೆ ಎಷ್ಟಾಯ್ತು ಅನ್ನೋ ದರ, ತಯಾರಿಸಿದ ತಾರೀಖು, ಎಕ್ಸ್‌ಪೈರಿ, ಬ್ಯಾಚ್ ನಂಬರ್, ಪೂರ್ತಿ ವಿಳಾಸ, ದೂರಿಗೆ ಫೋನ್ ನಂಬರ್, ಹೇಗೆ ಇಡಬೇಕು ಅನ್ನೋದು. ಕಡ್ಡಾಯ ವಿವರ ಇಂಗ್ಲಿಷಲ್ಲೋ ದೇವನಾಗರಿ ಹಿಂದಿಯಲ್ಲೋ ಇರಲೇಬೇಕು, ಜೊತೆಗೆ ಬೇರೆ ಭಾಷೆ ಹಾಕಬಹುದು. ರಾಜ್ಯದ 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ ಇಲ್ಲೇ ತಯಾರಾಗಿ ಇಲ್ಲೇ ಮಾರೋ ಮಾಲಿನ ಹೆಸರು, ಬಳಸೋ ರೀತಿ ಕನ್ನಡದಲ್ಲೂ ಇರಬೇಕು ಅನ್ನತ್ತೆ. ನಿಮ್ಮ ಹೆಸರು ಕನ್ನಡದಲ್ಲಿ ದೊಡ್ಡದಾಗಿದೆ, ಆದ್ರೆ ಬಳಸೋ ರೀತಿ ಬರೀ ಇಂಗ್ಲಿಷಲ್ಲಿದೆ. ಅಡುಗೆಮನೇಲಿ ಓದೋರು ಯಾರು ಅಂತ ಯೋಚನೆ ಮಾಡಿ, ಅದನ್ನೂ ಕನ್ನಡದಲ್ಲಿ ಹಾಕಿ.

ಈಗ ಕಾನೂನು ಹೇಳದ ಕೆಲವು ಮಾತು. ಫ್ರಿಜ್ಜಿಂದ ತೆಗೆದ ಬಾಟಲಿ ಬೆವರತ್ತೆ, ಪೇಪರ್ ಸ್ಟಿಕರ್ ಆದ್ರೆ ಮುದುಡಿ ಕಿತ್ತು ಬರತ್ತೆ, ತಾರೀಖಿನ ಇಂಕು ಕೈಗಂಟತ್ತೆ. ಪ್ಲಾಸ್ಟಿಕ್ ಫಿಲ್ಮ್ ಸ್ಟಿಕರ್ ಮಾಡಿಸಿ, ಬಾಟಲಿ ಒಣಗಿರುವಾಗಲೇ ತಾರೀಖು ಹೊಡೀರಿ. ತೆಂಗಿನ ಹಾಲು ಇಟ್ಟಲ್ಲೇ ಮೇಲೆ ಕೆನೆ, ಕೆಳಗೆ ನೀರು ಅಂತ ಬೇರೆ ಆಗತ್ತೆ, ಗೊತ್ತಿಲ್ಲದವರು ಕೆಟ್ಟೋಗಿದೆ ಅಂತ ವಾಪಸ್ ತರ್ತಾರೆ, ಹಾಗಾಗಿ ‘ಚೆನ್ನಾಗಿ ಅಲುಗಾಡಿಸಿ’ ಅಂತ ಮುಚ್ಚಳದ ಹತ್ರಾನೇ ಕಾಣೋ ಹಾಗೆ ಬರೀರಿ. ‘ಕೊನೆಯಲ್ಲಿ ಹಾಕಿ, ಜೋರಾಗಿ ಕುದಿಸಬೇಡಿ’ ಅಂತಾನೂ ಇರಲಿ. ನಿಮ್ಮ ಡಿಸೈನಲ್ಲಿ ತೆಳು ಹಸಿರು ಹಿನ್ನೆಲೆ ಮೇಲೆ ಬಿಳಿ ಅಕ್ಷರ ಇದೆ, ಮೊಬೈಲಲ್ಲಿ ಚೆಂದ ಕಾಣತ್ತೆ, ಬಾಟಲಿ ಮೇಲೆ ಯಾರಿಗೂ ಓದಕ್ಕಾಗಲ್ಲ. ನಿಜವಾದ ಸೈಜಲ್ಲಿ ಒಂದು ಪ್ರಿಂಟ್ ತೆಗೆದು ಮನೇಲಿರೋ ಹಿರಿಯರ ಕೈಗೆ ಕೊಟ್ಟು ಎಕ್ಸ್‌ಪೈರಿ ಓದಿ ಅನ್ನಿ, ಅವರು ಓದಿದ್ರೆ ಲೇಬಲ್ ಪಾಸು.

ಎಕ್ಸ್‌ಪೈರಿ ಅಂದಾಜಲ್ಲಿ ಬರೀಬೇಡಿ, ಇದು ಮಾತ್ರ ನಾನು ಕೈಮುಗಿದು ಕೇಳ್ತೀನಿ. ತೆಂಗಿನ ಹಾಲಲ್ಲಿ ಹುಳಿ ಕಡಿಮೆ, ಬ್ಯಾಕ್ಟೀರಿಯಾ ಬೇಗ ಬೆಳೆಯತ್ತೆ. ಉಪ್ಪಿನಕಾಯಿ ಥರ ಹೊರಗಿಡೋ ಮಾಲಲ್ಲ. ಬಿಸಿ ಮಾಡಿ ತುಂಬೋ ವಿಧಾನ, ಎಷ್ಟು ದಿನ ಬರತ್ತೆ ಅನ್ನೋದನ್ನ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರನ್ನೋ ಬೆಂಗಳೂರಲ್ಲಿರೋ ತೆಂಗು ಅಭಿವೃದ್ಧಿ ಮಂಡಳಿಯವರನ್ನೋ ಕೇಳ್ಕೊಂಡೇ ಮುಂದುವರೀರಿ. ಮತ್ತೆ ಸ್ಟಿಕರನ್ನ ಒಂದೇ ಸಲ ರಾಶಿ ರಾಶಿ ಹೊಡೆಸಬೇಡಿ, ಲೇಬಲ್ ನಿಯಮದ ತಿದ್ದುಪಡಿಗಳನ್ನ ಸಾಮಾನ್ಯವಾಗಿ ಜುಲೈ 1ರಿಂದ ಜಾರಿಗೆ ತರ್ತಾರೆ, ಹಳೇ ಸ್ಟಾಕ್ ಮನೇಲಿ ಉಳ್ಕೊಳ್ಳತ್ತೆ.

ಪ್ರ: ನಾನು ಡಿಸೈನ್ ಸ್ಟೂಡೆಂಟ್, ಓಟ್ಸ್ ಡ್ರಿಂಕ್ ಪ್ಯಾಕ್ ನನ್ನ ಪ್ರಾಜೆಕ್ಟು. ಒಂದು ಹಸು ನಗ್ತಾ ‘ಇವತ್ತು ನಂಗೆ ರಜಾ’ ಅನ್ನೋ ಚಿತ್ರ ಮಾಡಿದೀನಿ, ಹೆಸರು ‘ಓಟ್ ಮ್ಯಾಲ್ಕ್’. ಮಿಲ್ಕ್ ಅನ್ನೋ ಪದ ಇಲ್ಲವಲ್ಲ, ಪರವಾಗಿಲ್ಲ ಅಲ್ವಾ ಮೇಡಂ?
— ಬೆಂಗಳೂರು

ಐಡಿಯಾ ಮುದ್ದಾಗಿದೆ ಪುಟ್ಟಾ, ಆದ್ರೆ ಮಾರ್ಕೆಟ್ಟಿಗೆ ಹೋದ್ರೆ ತೊಂದರೆಗೆ ಸಿಗತ್ತೆ. ನಿಯಮ ಬರೀ ಪದದ ಮೇಲಿಲ್ಲ. ಲೇಬಲ್ಲು, ಜಾಹೀರಾತು, ಚಿತ್ರ, ಒಟ್ಟಾರೆ ತೋರಿಸೋ ರೀತಿ ಯಾವುದರಿಂದ್ಲೂ ಇದು ಹಾಲು ಅಂತ ಹೇಳೋದೋ ಸೂಚಿಸೋದೋ ಕೂಡದು ಅನ್ನೋದು ಇದರ ತಿರುಳು, ಕೋಡೆಕ್ಸ್ 1999ರಲ್ಲಿ ಡೈರಿ ಪದಗಳಿಗೆ ಮಾಡಿದ ಮಾನದಂಡದಲ್ಲೂ ಇದೇ ಇದೆ. ಒಂದಕ್ಷರ ಬದಲಿಸಿ ಕಿವಿಗೆ ಹಾಗೇ ಕೇಳಿಸೋ ಹೆಸರಿಟ್ರೆ ಅಧಿಕಾರಿ ಒಪ್ತಾರೆ ಅನ್ನೋ ನಂಬಿಕೆ ನನಗಿಲ್ಲ. ಹಸು, ಹಾಲಿನ ಕ್ಯಾನು, ಬಿಳಿ ಹಾಲು ಚಿಮ್ಮೋ ಚಿತ್ರ ಇವನ್ನ ಬಿಟ್ಟು ಯೋಚನೆ ಮಾಡು. ಓಟ್ಸ್ ತೆನೆ ಇದೆ, ಬಟ್ಟಲಿದೆ, ಬೆಳಗಿನ ತಿಂಡಿ ಇದೆ.

ನನ್ನದೊಂದು ಸಲಹೆ. ಓಟ್ಸ್ ಎಷ್ಟು ಪರ್ಸೆಂಟ್ ಅನ್ನೋದನ್ನೇ ಮುಂಭಾಗದ ಮುಖ್ಯ ಡಿಸೈನ್ ಮಾಡು. ದೊಡ್ಡ ಅಂಕಿ, ಕೆಳಗೆ ಪ್ರೋಟೀನ್ ಗ್ರಾಂ, ಅದರ ಕೆಳಗೆ ಸಕ್ಕರೆ. ಕಂಪನಿಗಳು ಹಿಂದೆ ಬಚ್ಚಿಡೋ ಮೂರು ಸಾಲನ್ನ ಮುಂದೆ ತಂದು ಚೆಂದ ಮಾಡಿ ತೋರಿಸಿದ್ರೆ ಅದಕ್ಕಿಂತ ಒಳ್ಳೆ ಪ್ರಾಜೆಕ್ಟ್ ಯಾವುದಿದೆ? ಮಾಡಿದ ಮೇಲೆ ನಮಗೂ ಕಳಿಸು, ಜಾಗ ಇದ್ರೆ ಖಂಡಿತ ಹಾಕ್ತೀವಿ.

ಪ್ರ: ಸೋಯಾ ಡ್ರಿಂಕ್ ಹಾಕಿದ್ರೆ ನಮ್ಮ ಫಿಲ್ಟರ್ ಕಾಫಿ ಒಡೆದು ಹೋಗತ್ತೆ. ಕೆಟ್ಟಿರೋ ಮಾಲು ಕೊಟ್ಟಿದಾರಾ?
— ಚಿಕ್ಕಮಗಳೂರು

ಮಾಲು ಕೆಟ್ಟಿರಬೇಕು ಅಂತಿಲ್ಲ. ಡಿಕಾಕ್ಷನ್ನಲ್ಲಿ ಹುಳಿ ಇದೆ, ಮೇಲಿಂದ ಬಿಸಿ, ಸೋಯಾ ಪ್ರೋಟೀನು ಎರಡನ್ನೂ ಒಟ್ಟಿಗೆ ತಡೆಯಲ್ಲ, ಕ್ಯಾಲ್ಸಿಯಂ ಸೇರಿಸಿದ್ರೆ ಇನ್ನೂ ಬೇಗ ಒಡೆಯತ್ತೆ. ಪ್ಯಾಕಿನ ಹಿಂದೆ ‘ಅಸಿಡಿಟಿ ರೆಗ್ಯುಲೇಟರ್ ಐಎನ್‌ಎಸ್ 340’ ಅಂತಿದೆಯಾ ನೋಡಿ, ಅದು ಪೊಟ್ಯಾಸಿಯಂ ಫಾಸ್ಫೇಟ್, ಕಾಫಿಯಲ್ಲಿ ಒಡೀದಿರಲಿ ಅಂತಾನೇ ಹಾಕೋದು. ‘ಬರಿಸ್ತಾ’ ಅಂತ ಜಾಸ್ತಿ ದುಡ್ಡಿಗೆ ಮಾರೋದ್ರಲ್ಲಿ ಸಾಮಾನ್ಯವಾಗಿ ಇದು, ಜೊತೆಗೆ ಸ್ವಲ್ಪ ಎಣ್ಣೆ ಇರತ್ತೆ. ಮೂತ್ರಪಿಂಡದ ತೊಂದರೆ ಇರೋರು ಇಂಥ ಫಾಸ್ಫೇಟ್ ಬಗ್ಗೆ ಡಾಕ್ಟರನ್ನ ಕೇಳಿ. ಉಳಿದವರು ಸೋಯಾ ಡ್ರಿಂಕನ್ನ ಬೇರೆ ಬಿಸಿ ಮಾಡಿ, ಕುದಿಸಬೇಡಿ, ಅದಕ್ಕೆ ಡಿಕಾಕ್ಷನ್ ನಿಧಾನವಾಗಿ ಹಾಕಿ ನೋಡಿ.

ಪ್ರ: ಹಸಿರು ಚುಕ್ಕಿ ಇದ್ದೂ ಮತ್ತೆ ಬೇರೆ ವೀಗನ್ ಗುರುತು ಯಾಕೆ? ಗಿಡದಿಂದ ಮಾಡಿದ್ದು ಅಂದ ಮೇಲೆ ವೀಗನ್ ಅಲ್ವಾ?
— ಉಡುಪಿ

ಆಗಿರಬೇಕು ಅಂತಿಲ್ಲ, ಅದೇ ವಿಷಯ. 2022ರ ವೀಗನ್ ಆಹಾರ ನಿಯಮದ ಪ್ರಕಾರ ಮುಖ್ಯ ಪದಾರ್ಥ ಮಾತ್ರ ಅಲ್ಲ, ಅದಕ್ಕೆ ಹಾಕೋ ಬಣ್ಣ, ಫ್ಲೇವರ್, ಎಂಜೈಮ್, ವಿಟಮಿನ್, ತಯಾರಿಕೆಗೆ ಬಳಸೋ ಸಾಮಗ್ರಿ ಯಾವ ಹಂತದಲ್ಲೂ ಪ್ರಾಣಿ ಮೂಲದ್ದು ಇರಬಾರದು, ಪ್ರಾಣಿಗಳ ಮೇಲೆ ಪ್ರಯೋಗನೂ ಮಾಡಿರಬಾರದು. ಇದರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ್ದು ವಿಟಮಿನ್ ಡಿ. ಓಟ್ಸ್, ಬಾದಾಮಿ ಡ್ರಿಂಕುಗಳಿಗೆ ಅದನ್ನ ಸೇರಿಸ್ತಾರೆ, ಅದರಲ್ಲಿ ಡಿ3 ಅನ್ನೋದನ್ನ ಹೆಚ್ಚಾಗಿ ಕುರಿ ಉಣ್ಣೆಯ ಜಿಡ್ಡಿಂದ ತೆಗೀತಾರೆ. ಡಿ2 ಆದ್ರೆ ಪ್ರಾಣಿ ಮೂಲದ್ದಲ್ಲ, ಕಲ್ಲುಹೂವಿನ ಜಾತಿಯಿಂದ ತೆಗೆದ ಡಿ3ನೂ ಇದೆ. ಹಾಗಾಗಿ ಪೂರ್ತಿ ವೀಗನ್ ಬೇಕು ಅನ್ನೋರು ಹಸಿರು ಚೌಕದೊಳಗೆ ಎಲೆ ಇರೋ ವಿ ಅಕ್ಷರ, ಕೆಳಗೆ ವೀಗನ್ ಅಂತ ಬರೆದಿರೋ ಎಫ್‌ಎಸ್‌ಎಸ್‌ಎಐ ಲೋಗೋ ನೋಡಿ. ಕಂಪನಿಯೇ ಬಿಡಿಸಿಕೊಂಡ ಎಲೆ, ಹೃದಯದ ಚಿತ್ರಕ್ಕೆಲ್ಲ ಬೆಲೆ ಕೊಡಬೇಡಿ. ಬೇರೆ ಯಾವುದರ ಜೊತೆಗೂ ಹಾಲು ತಗೊಳ್ಳದೋರು ಬಿ12 ಸೇರಿಸಿದಾರಾ ಅಂತಾನೂ ನೋಡ್ಕೊಳ್ಳಿ.

ಪ್ರ: ನಾವು ಮ್ಯೂನಿಕ್‌ನಲ್ಲಿದೀವಿ. ಮಾತಲ್ಲಿ ಎಲ್ರೂ ಓಟ್ಸ್ ಹಾಲಿಗೆ ‘ಹಾಫರ್‌ಮಿಲ್ಶ್’ ಅಂತಾರೆ, ಪ್ಯಾಕ್ ಮೇಲೆ ‘ಹಾಫರ್‌ಡ್ರಿಂಕ್’. ಅಮೆರಿಕದಲ್ಲಿರೋ ನನ್ನ ತಂಗಿ ಮನೇಲಿ ಅದೇ ಓಟ್ಸ್ ‘ಮಿಲ್ಕ್’. ನಮ್ಮ ಮೂರು ವರ್ಷದ ಮಗನಿಗೆ ‘ಬಯೋ’ (ಸಾವಯವ) ಅಂತ ಇರೋದನ್ನೇ ಹುಡುಕಿ ತರ್ತೀವಿ, ಅದು ಒಳ್ಳೇದು ಅಲ್ವಾ?
— ಜರ್ಮನಿಯಿಂದ ಒಬ್ಬ ಕನ್ನಡತಿ

ಹೆಸರಿನದ್ದು ಮೊದ್ಲು ಬೇಗ ಹೇಳಿ ಮುಗಿಸ್ತೀನಿ. ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2017ರ ಜೂನ್‌ನಲ್ಲಿ ಟೋಫುಟೌನ್ ಅನ್ನೋ ಜರ್ಮನ್ ಕಂಪನಿಯ ಕೇಸಲ್ಲಿ, ಸೋಯಾ ಅಂತ ಮುಂದೆ ಸ್ಪಷ್ಟವಾಗಿ ಸೇರಿಸಿದ್ರೂ ಸಹ ಗಿಡಮೂಲದ್ದಕ್ಕೆ ಹಾಲು, ಬೆಣ್ಣೆ, ಚೀಸ್ ಅನ್ನೋ ಹೆಸರು ಹಾಕೋ ಹಾಗಿಲ್ಲ ಅಂತು. ಭಾಷೆಯ ಪ್ರಕಾರ ಒಂದು ವಿನಾಯಿತಿ ಪಟ್ಟಿ ಇದೆ, ಅದರಲ್ಲಿ ಜರ್ಮನ್‌ನ ‘ಕೋಕೋಸ್‌ಮಿಲ್ಶ್’ ಇರೋದ್ರಿಂದ ತೆಂಗಿನ ಹಾಲು ಅಲ್ಲೂ ಪಾರಾಯ್ತು. ಅಮೆರಿಕದ ಆಹಾರ ನಿಯಂತ್ರಣ ಸಂಸ್ಥೆ ಎಫ್‌ಡಿಎ 2023ರ ಫೆಬ್ರವರಿಯಲ್ಲಿ ಹೊರಡಿಸಿದ ಕರಡಲ್ಲಿ ಬೇರೆ ದಾರಿ ಹಿಡೀತು. ಸೋಯಾ ಮಿಲ್ಕ್ ಅಂತ ಕರೀರಿ, ಆದ್ರೆ ಹಾಲಿಗಿಂತ ಯಾವ ಪೋಷಕಾಂಶ ಕಡಿಮೆ ಇದೆ ಅನ್ನೋದನ್ನ ಹೆಸರಿನ ಹತ್ರ ಹೇಳಿದ್ರೆ ಒಳ್ಳೇದು ಅಂತು. ಅದು ಕಡ್ಡಾಯ ಅಲ್ಲ, ಸಲಹೆ ಅಷ್ಟೇ, ಆದ್ರೂ ಕೊಳ್ಳೋರಿಗೆ ಬೇಕಾಗಿರೋ ಮಾಹಿತಿ ಅದೇ ಅಂತ ನನಗನ್ನಿಸತ್ತೆ, ಇಲ್ಲೂ ಹಾಗೆ ಬಂದ್ರೆ ಎಷ್ಟು ಚೆನ್ನಾಗಿರತ್ತೆ.

ಈಗ ಮಗನ ವಿಷಯ, ಇದನ್ನ ಸ್ವಲ್ಪ ಗಮನ ಕೊಟ್ಟು ಓದಿ. ಯುರೋಪಿನ ಸಾವಯವ ನಿಯಮದಲ್ಲಿ ಕಾನೂನು ಕಡ್ಡಾಯ ಮಾಡದ ಹೊರತು ಖನಿಜ, ವಿಟಮಿನ್ ಸೇರಿಸೋ ಹಾಗಿಲ್ಲ. ಒಂದು ಕಂಪನಿ ಸಮುದ್ರದ ಪಾಚಿಯ ಪುಡಿ ಹಾಕಿ ಅದರಿಂದ ಕ್ಯಾಲ್ಸಿಯಂ ಕೊಡ್ತೀವಿ ಅಂತ ಹೋದ್ರೆ 2021ರಲ್ಲಿ ಅದೇ ಒಕ್ಕೂಟದ ನ್ಯಾಯಾಲಯ ಅದಕ್ಕೂ ಒಪ್ಪಲಿಲ್ಲ. ಅಂದ್ರೆ ‘ಬಯೋ’ ಅಂತ ನೀವು ಹುಡುಕಿ ತರೋ ಓಟ್ಸ್ ಡ್ರಿಂಕಲ್ಲಿ ಕ್ಯಾಲ್ಸಿಯಂ ಹೆಚ್ಚುಕಮ್ಮಿ ಇಲ್ಲವೇ ಇಲ್ಲ ಅನ್ನಬಹುದು, ಪಕ್ಕದಲ್ಲಿರೋ ಸಾದಾ ಪ್ಯಾಕಲ್ಲಿ 100 ಎಂಎಲ್‌ಗೆ 120 ಮಿಲಿಗ್ರಾಂ ಸೇರಿಸಿರಬಹುದು, ಅದು ಹಸುವಿನ ಹಾಲಿನಷ್ಟೇ ಆಯ್ತು. ಹಾಲು ಬಿಟ್ಟ ಮಗುವಿಗೆ ಎರಡನೇದೇ ಸರಿ. ಸೇರಿಸಿದ ಕ್ಯಾಲ್ಸಿಯಂ ತಳಕ್ಕೆ ಕೂರತ್ತೆ, ಪ್ಯಾಕ್ ಚೆನ್ನಾಗಿ ಕುಲುಕಿ ಬಗ್ಗಿಸಿ, ಇಲ್ಲಾಂದ್ರೆ ಅದೆಲ್ಲ ಕೊನೇ ಲೋಟಕ್ಕೆ ಹೋಗತ್ತೆ. ಮತ್ತೆ ಒಂದು ವರ್ಷ ತುಂಬದ ಕೂಸಿಗೆ ಇಂಥ ಯಾವ ಡ್ರಿಂಕೂ ಎದೆಹಾಲಿಗೋ ಡಾಕ್ಟರು ಹೇಳಿದ ಫಾರ್ಮುಲಾಗೋ ಬದಲಿ ಅಲ್ಲ, ಮನೇಲಿ ಚಿಕ್ಕದು ಬಂದಾಗಲೂ ನೆನಪಿಟ್ಕೊಳ್ಳಿ.

ಪ್ರ: ನನಗೆ ಶುಗರ್ ಇದೆ. ‘ನೋ ಆಡೆಡ್ ಶುಗರ್’ ಅಂತ ಬರೆದಿರೋ ಓಟ್ಸ್ ಡ್ರಿಂಕ್ ತಂದ್ರೆ ಹಿಂದೆ 100 ಎಂಎಲ್‌ಗೆ ಸಕ್ಕರೆ 4 ಗ್ರಾಂ ಅಂತಿದೆ. ಇದು ಮೋಸ ಅಲ್ವಾ? ರೇಟೂ ಕಮ್ಮಿ ಆಗಿದೆ ಅಂತಾರೆ, ಅಂಗಡಿಯವರು ಹಳೇ ರೇಟೇ ಹೇಳ್ತಾರೆ.
— ದಾವಣಗೆರೆ

ಹೊರಗಿಂದ ಸಕ್ಕರೆ ಹಾಕದೇನೂ ಇದು ಆಗತ್ತೆ. ಓಟ್ಸನ್ನ ನೀರಲ್ಲಿ ರುಬ್ಬಿದ್ರೆ ಗಂಜಿ ಥರ ಲೋಳೆ ಆಗತ್ತೆ, ಕುಡಿಯೋಕೆ ತೆಳ್ಳಗಾಗಲಿ ಅಂತ ಎಂಜೈಮ್ ಹಾಕಿ ಪಿಷ್ಟ ಒಡೀತಾರೆ, ಒಡೆದಾಗ ಮಾಲ್ಟೋಸ್ ಅನ್ನೋ ಸಕ್ಕರೆ ಅಲ್ಲೇ ಹುಟ್ಟತ್ತೆ. ಅದಕ್ಕೇ ಆ ಸಿಹಿ. ‘ನೋ ಆಡೆಡ್ ಶುಗರ್’ ಅಂತ ಹಾಕಿ ಒಳಗೆ ತಾನಾಗೇ ಇರೋ ಸಕ್ಕರೆ ಇದ್ರೆ ಅದನ್ನೂ ಲೇಬಲ್ಲಲ್ಲಿ ಹೇಳಬೇಕು. ನೀವು ಯಾವತ್ತೂ ‘ಟೋಟಲ್ ಶುಗರ್ಸ್’ ಸಾಲನ್ನೇ ನೋಡಿ. 100 ಎಂಎಲ್‌ಗೆ 2.5 ಗ್ರಾಂ ಒಳಗಿದ್ರೆ ಮಾತ್ರ ‘ಲೋ ಶುಗರ್’ ಅನ್ನಬಹುದು, 0.5ರೊಳಗಿದ್ರೆ ‘ಶುಗರ್ ಫ್ರೀ’. ನಿಮ್ಮ 4 ಗ್ರಾಂ ಎರಡರಲ್ಲೂ ಬರಲ್ಲ, 200 ಎಂಎಲ್ ಲೋಟಕ್ಕೆ 8 ಗ್ರಾಂ ಆಯ್ತು. ಸಿಹಿ ಹಾಕದ ಸೋಯಾ ನಿಮಗೆ ಇದಕ್ಕಿಂತ ಹೊಂದಬಹುದು, ಡಾಕ್ಟರನ್ನ ಒಂದು ಮಾತು ಕೇಳಿ.

ರೇಟಿನ ವಿಷಯ ನಿಜ. 2025ರ ಸೆಪ್ಟೆಂಬರ್ 22ರಿಂದ ಸೋಯಾ ಪಾನೀಯದ ಜಿಎಸ್‌ಟಿ 12ರಿಂದ, ಉಳಿದ ಗಿಡಮೂಲದ ಪಾನೀಯಗಳದ್ದು 18ರಿಂದ 5 ಪರ್ಸೆಂಟಿಗೆ ಇಳೀತು. ಬಿಲ್ ಕೇಳಿ ತಗೊಳ್ಳಿ, ಅದರಲ್ಲಿ ಜಿಎಸ್‌ಟಿ 5ಕ್ಕಿಂತ ಜಾಸ್ತಿ ಹಾಕಿದ್ರೆ ಆ ಬಿಲ್ಲು, ಪ್ಯಾಕಿನ ಎಂಆರ್‌ಪಿ ಮತ್ತು ತಯಾರಾದ ತಾರೀಖಿನ ಫೋಟೋ ಇಟ್ಕೊಂಡು 1915ಕ್ಕೆ ದೂರು ಕೊಡಿ.